ಐದನೆಯ ಬಾಟಲಿಯ ನೀರು

ನಮ್ಮ ಕೆಮಿಸ್ಟ್ರಿ ಮೇಡಂ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದ್ದು ಬಿ.ಎಸ್ಸಿ. ಕೊನೆಯ ವರ್ಷದ ಒಂದು ಪ್ರಾಕ್ಟಿಕಲ್ ತರಗತಿಯಲ್ಲಿ. ಅವರು ಸುಳ್ಳು ಹೇಳುವವರಂತೆ ಕಾಣುತ್ತಿರಲಿಲ್ಲ. ಅದೇ ನನ್ನ ಮೊದಲ ಅನುಮಾನ.

ಕಾಲೇಜು ರಾಣೆಬೆನ್ನೂರಿನಲ್ಲಿತ್ತು. ನಾನು ಬ್ಯಾಡಗಿಯಿಂದ ದಿನಾ ಪ್ಯಾಸೆಂಜರ್ ಗಾಡಿಗೆ ಬಂದು ಹೋಗುತ್ತಿದ್ದೆ. ಮೇಡಂ ಅಲ್ಲಿ ಕಾಯಂ ಆಗಿರಲಿಲ್ಲ, ಅತಿಥಿ ಉಪನ್ಯಾಸಕಿ. ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದರು. ಲ್ಯಾಬಿನ ಮೂಲೆಯ ಮೇಜು ಅವರದು. ಹಾರ್ಡ್‌ವೇರ್ ಅಂಗಡಿಯಿಂದ ತಂದ ಬೆರಳು ಗಾತ್ರದ ಪ್ಲಾಸ್ಟಿಕ್ ಪೈಪಿನ ತುಂಡು, ಅದರ ಒಂದು ಬಾಯಿಗೆ ಹಾಲಿನ ಕೆನೆಯಷ್ಟು ತೆಳ್ಳಗಿನ ಪೊರೆ, ಒಳಗೆ ಉಪ್ಪಿನ ದ್ರಾವಣ, ಅದರಲ್ಲಿ ಇಳಿಬಿಟ್ಟ ಬೆಳ್ಳಿ ತಂತಿ. ಇದೇ ಅವರ ಎಲೆಕ್ಟ್ರೋಡ್. ಪೊರೆಯನ್ನೂ ಅವರೇ ಮಾಡುತ್ತಿದ್ದರು. ಪಿ.ವಿ.ಸಿ. ಪುಡಿ, ಅದನ್ನು ಮೆತ್ತಗಾಗಿಸುವ ಒಂದು ಎಣ್ಣೆ, ಒಂದು ಅಮೋನಿಯಂ ಲವಣ ಇವನ್ನೆಲ್ಲ ಕರಗಿಸಿ ಗಾಜಿನ ಹಲಗೆಯ ಮೇಲಿಟ್ಟ ಗಾಜಿನ ಬಳೆಯೊಳಗೆ ಸುರಿದು ಒಂದು ದಿನ ಆರಲು ಬಿಡುವುದು. ಆರಿದ ಮೇಲೆ ಹಪ್ಪಳದಂತೆ ಎಬ್ಬಿಸಿ, ದುಂಡಗೆ ಕತ್ತರಿಸಿ, ಪೈಪಿನ ಬಾಯಿಗೆ ಅಂಟಿಸುವುದು.

ಅವತ್ತು ನಮ್ಮೆದುರು ಅದನ್ನು ನೀರಿನಲ್ಲಿ ಅದ್ದಿ, ಒಂದೆರಡು ಹನಿ ಫೀನಾಲ್ ಹಾಕಿದರು. ಮೀಟರಿನ ಕೆಂಪು ಅಂಕಿ ಸರಸರನೆ ಇಳಿಯಿತು. ಹುಡುಗರು ಓಹೋ ಎಂದರು. ನಾನು ಎದ್ದು ನಿಂತೆ.

"ಮೇಡಂ, ಈ ನೀರಿನಾಗ ಫೀನಾಲ್‌ಗೆ ಚಾರ್ಜ್ ಇರತೈತೇನ್ರಿ?"

"ಇಲ್ಲ. ನೀರು ಕ್ಷಾರ ಆಗದಿದ್ರ ಅದು ತಟಸ್ಥನ."

"ನೀವ ಹೋದ ವಾರ ಹೇಳೀರಿ, ಇಂಥಾ ಎಲೆಕ್ಟ್ರೋಡ್ ಅಯಾನ್ ಮಾತ್ರ ನೋಡತೈತಿ ಅಂತ. ಚಾರ್ಜ್ ಇಲ್ಲದ್ದನ್ನ ಅದು ಹೆಂಗ ನೋಡತೈತ್ರಿ?"

"ಅದ ಇದರಾಗಿನ ಮಜಾ."

"ಮಜಾ ಅಲ್ರಿ ಮೇಡಂ. ಹೋದ ವಾರದ್ದು ತಪ್ಪಿರಬೇಕು, ಇಲ್ಲಾ ಇವತ್ತಿಂದು."

ಹಿಂದಿನ ಬೆಂಚು ನಕ್ಕಿತು. ಪಕ್ಕದಲ್ಲಿ ಕುಳಿತ ಕುಪ್ಪೇಲೂರಿನ ಗೆಳತಿ ನನ್ನ ದುಪಟ್ಟಾ ಜಗ್ಗಿ, "ಕುಂದರ ವಕೀಲವ್ವಾ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಾಗ ಅದಾವು" ಅಂದಳು. ನಾನು ಕೂರಲಿಲ್ಲ.

ಆ ವರ್ಷ ಹಾವೇರಿಯ ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ವಿಷಯದ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಎರಡನ್ನೂ ಅಷ್ಟೇ ಆವೇಶದಿಂದ ಮಾತಾಡಬಲ್ಲೆ ಎಂಬ ಹೆಮ್ಮೆಯಿತ್ತು. ಎದುರಾಳಿಯ ಮಾತಿನಲ್ಲಿ ಯಾವ ಕಡೆ ಹೊಲಿಗೆ ಸಡಿಲಾಗಿದೆ ಎಂದು ಹುಡುಕುವುದು ರೂಢಿಯಾಗಿಬಿಟ್ಟಿತ್ತು. ಇದರಲ್ಲಿ ಅಪ್ಪನ ಪಾಲೂ ಇದೆ. ಅವರು ಬ್ಯಾಡಗಿ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿಯೊಂದಕ್ಕೆ ಮೆಣಸಿನಕಾಯಿ ನೋಡಿಕೊಡುವ ಕೆಲಸದಲ್ಲಿದ್ದರು. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿಯನ್ನು ಅವರು ಮೂಸಿಯೂ ನೋಡುತ್ತಿರಲಿಲ್ಲ. ತೋಳನ್ನು ಕಂಕುಳದವರೆಗೂ ಇಳಿಸಿ ತಳದಿಂದ ಒಂದು ಹಿಡಿ ಎಳೆದು ತೆಗೆಯುತ್ತಿದ್ದರು. ತಂದವನು ಪರಿಚಯದವನಾದರೆ ಇನ್ನೊಂದು ಹಿಡಿ ಹೆಚ್ಚು. ಅಂಥ ಮನೆಯಲ್ಲಿ ಬೆಳೆದವಳಿಗೆ ತಟಸ್ಥ ವಸ್ತುವಿಗೆ ತಲೆಬಾಗುವ ಕೆಂಪು ಅಂಕಿ ಚೀಲದ ಬಾಯಿಯಂತೆ ಕಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮೇಡಂ ಸಿಟ್ಟಾಗಲಿಲ್ಲ. ಇದೂ ನನಗೆ ಸರಿಬರಲಿಲ್ಲ. ಮರುದಿನ ಮಧ್ಯಾಹ್ನ ಕರೆದು ಮೂಲೆಯ ಮೇಜಿನ ಹತ್ತಿರ ಕೂರಿಸಿಕೊಂಡರು.

"ಗುಡಿಗೆ ಹೋದಾಗ ಏನ ಮಾಡತಿ? ಚಪ್ಪಲಿ ಹೊರಗ ಬಿಟ್ಟು ಒಳಗ ಹೋಗತಿ. ಫೀನಾಲೂ ಹಂಗ. ನೀರಿನಾಗ ಇರೂತನಕ ಪ್ರೋಟಾನ್ ಜೋಡಿ ಇರತೈತಿ, ಅದಕ್ಕ ತಟಸ್ಥ. ಪೊರಿ ಒಳಗ ಅಮೋನಿಯಂ ಲವಣ ಕುಂತೈತಲ್ಲ, ಅದು ಫೀನಾಲನ್ನ ಒಳಗ ಎಳಕೊಂತೈತಿ. ಆವಾಗ ಪ್ರೋಟಾನ್ ಹೊರಗ ಉಳೀತೈತಿ. ಒಳಗ ಋಣ, ಹೊರಗ ಧನ. ಎಲೆಕ್ಟ್ರೋಡ್ ನೋಡೂದು ಬಾಗಲಾಗ ಆದ ಈ ಅಗಲಿಕೆ. ಬಂದವ್ರ ಮೈಮ್ಯಾಲೆ ಚಾರ್ಜ್ ಇರಬೇಕಂತಿಲ್ಲ."

ಚೆನ್ನಾಗಿತ್ತು. ಚೆನ್ನಾಗಿದ್ದುದರಿಂದಲೇ ಇನ್ನೊಂದು ಹಿಡಿ ತಳದಿಂದ ತೆಗೆಯಬೇಕು ಎನಿಸಿತು.

"ಹೊರಗ ಉಳಿದ ಪ್ರೋಟಾನ್ ನೀರನ್ನ ಹುಳಿ ಮಾಡತೈತಲ್ರಿ? ಹಂಗಾರ ನಿಮ್ಮ ಎಲೆಕ್ಟ್ರೋಡ್ ಹುಳಿಯನ್ನ ನೋಡಿ ಇಳಿಯಾಕತ್ತಿರಬೇಕು. ಫೀನಾಲ್ ಹೆಸರಿಗೆ ಮಾತ್ರ."

ಅವರು ಬಫರ್ ದ್ರಾವಣದ ಸೀಸೆ ತೋರಿಸಿದರು. ಪ್ರತಿ ಸಲವೂ ಅದನ್ನು ಒಂದೇ ಅಳತೆಯಲ್ಲಿ ಹಾಕುತ್ತಾರಂತೆ. ಹಾಕಿದರೆ ಹುಳಿಯೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅಲ್ಲಿಷ್ಟು ಇಲ್ಲಿಷ್ಟು ಉಪ್ಪು ಹೆಚ್ಚುಕಡಿಮೆಯಾದರೂ ಅಂಕಿ ಅಲುಗುವುದಿಲ್ಲ. ಪಕ್ಕದಲ್ಲಿ ಪಿಎಚ್ ಮೀಟರ್ ಇಟ್ಟು ಅದು ಕದಲದೆ ನಿಂತದ್ದನ್ನೂ ತೋರಿಸಿದರು. ಇದರಿಂದ ಮುಂದೆ ಏನು ಪ್ರಯೋಜನ ಎಂದು ಕೇಳಿದೆ. ಹೊಲಕ್ಕೆ ಹೊಡೆಯುವ ಕೆಲವು ಔಷಧಗಳನ್ನು ಒಂದು ಕಿಣ್ವ ಕತ್ತರಿಸಿದರೆ ಫೀನಾಲಿನ ಜಾತಿಯ ತುಂಡು ಹೊರಬೀಳುತ್ತದೆ, ಕಿಣ್ವವನ್ನು ಈ ಪೊರೆಯ ಮೇಲೆ ಕೂರಿಸಿದರೆ ಮೆಣಸಿನಕಾಯಿ ತೊಳೆದ ನೀರಿನಲ್ಲಿ ಔಷಧ ಉಳಿದಿದೆಯೋ ಇಲ್ಲವೋ ಹೇಳಬಹುದು ಎಂದರು. ಅದು ಪ್ರಬಂಧದ ಕೊನೆಯ ಅಧ್ಯಾಯ, ಇನ್ನೂ ಅರೆಬರೆ. ಅದಕ್ಕೆ ಆಧಾರ ಮೂರನೆಯ ಅಧ್ಯಾಯ, ಅಂದರೆ ಈ ಅಂಕಿ ಇಳಿಯುವ ಆಟ.

"ನೀವ ಫೀನಾಲ್ ಹಾಕತೀರಿ, ನೀವ ಅಂಕಿ ಓದತೀರಿ, ನೀವ ಬರಕೊಳ್ಳತೀರಿ" ಅಂದೆ. "ಮೂರೂ ಒಂದ ಕೈ."

ಅವರು ಡ್ರಾಯರಿನಿಂದ ಒಂದು ಪತ್ರ ತೆಗೆದು ಮುಂದಿಟ್ಟರು. ಅವರ ಪಿಎಚ್.ಡಿ. ಗೈಡ್ ಬರೆದದ್ದು. ಮೂರನೆಯ ಅಧ್ಯಾಯಕ್ಕೆ ಬೇರೊಬ್ಬರ ಕೈಯಿಂದ ಗುಟ್ಟಾಗಿ ತಯಾರಿಸಿದ ಮಾದರಿಗಳ ಪರೀಕ್ಷೆ ಆಗದ ಹೊರತು ತಾವು ಸಹಿ ಹಾಕುವುದಿಲ್ಲ ಎಂದಿತ್ತು. ಹಾವೇರಿಯ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನ ಇದೆ, ಅಷ್ಟರೊಳಗೆ ಪ್ರಬಂಧ ಸಲ್ಲಿಸಿದ ಪತ್ರ ಕೈಯಲ್ಲಿರಬೇಕು, ಉಳಿದಿರುವುದು ಮೂರು ವಾರ ಎಂದು ಮೇಡಂ ತಾವಾಗಿಯೇ ಹೇಳಿದರು.

"ಇಷ್ಟು ಅನುಮಾನ ಪಡೋ ಕೈ ನನಗ ಮತ್ತ ಎಲ್ಲಿ ಸಿಗತೈತಿ? ನೀನ ತಯಾರು ಮಾಡು. ಏನ ಬಂದರೂ ಹಂಗ ಬರದು ಗೈಡ್‌ಗೆ ಕಳಸತೇನಿ."

ನನಗೆ ಬೇಕಾಗಿದ್ದದ್ದೂ ಅದೇ. ನಿಯಮಗಳನ್ನು ನಾನು ಬರೆದೆ. ಬಾಟಲಿ ನನ್ನವು, ನೀರು ನನ್ನದು. ಲ್ಯಾಬಿನ ಡಿಸ್ಟಿಲ್ಡ್ ನೀರನ್ನು ನಂಬದೆ, ಬ್ಯಾಡಗಿಯ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ನೀರಿನ ಸೀಲ್ ಒಡೆಯದ ಕ್ಯಾನ್ ತಂದೆ. ಎಂಟು ಬಾಟಲಿಗಳಲ್ಲಿ ನಾಲ್ಕಕ್ಕೆ ಫೀನಾಲ್, ನಾಲ್ಕಕ್ಕೆ ಬರೀ ನೀರು. ಯಾವುದಕ್ಕೆ ಏನು ಎಂಬ ಪಟ್ಟಿ ನನ್ನ ಬಳಿ ಮಾತ್ರ. ಇನ್ನೊಂದು ನಿಯಮದ ಬಗ್ಗೆ ನನಗೆ ವಿಶೇಷ ಅಭಿಮಾನವಿತ್ತು. ಫೀನಾಲಿಗೆ ಆಸ್ಪತ್ರೆ ನೆಲದ ವಾಸನೆ ಇರುತ್ತದೆ. ಮೂಗಿನಿಂದ ತಿಳಿದುಕೊಂಡು ಎಲೆಕ್ಟ್ರೋಡಿನ ಹೆಸರು ಹೇಳಿದರೆ? ಆದ್ದರಿಂದ ಯಾರೂ ಯಾವ ಬಾಟಲಿಯನ್ನೂ ಮೂಸುವಂತಿಲ್ಲ. ಸುರಿಯುವುದು ನಾನು. ಮೇಡಂ ಎರಡು ಮಾರು ದೂರ ಕುಳಿತು, ಯಾರ್ಡಿನಲ್ಲಿ ಕಾಯಿ ಆರಿಸುವ ಹೆಂಗಸರು ಕಟ್ಟಿಕೊಳ್ಳುವಂತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೀಟರ್ ಮಾತ್ರ ನೋಡಬೇಕು. ಕೊನೆಯದಾಗಿ, ಓದಿ ಮುಗಿದ ಮೇಲೆ ಉಳಿದದ್ದನ್ನೆಲ್ಲ ನಾನೇ ಚೆಲ್ಲುತ್ತೇನೆ, ಆಮೇಲೆ ಯಾರೂ ಕೈಯಾಡಿಸಬಾರದು.

"ಮೂಗಿಗೂ ಕೇಸ್ ಹಾಕೀದಿ" ಎಂದು ಮೇಡಂ ನಕ್ಕು ಒಪ್ಪಿದರು.

ಬಾಟಲಿಗಳನ್ನು ತುಂಬಿದ್ದು ನಮ್ಮ ಮನೆಯಲ್ಲಿ. ಅಕ್ಕ ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಒಂದು ತಿಂಗಳು. ಬೆಳಿಗ್ಗೆ ಸಂಜೆ ಕೆಂಡದ ಮೇಲೆ ಅಜವಾನ, ಅಂದರೆ ಓಮದ ಕಾಳು, ಮತ್ತು ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುತ್ತಿದ್ದುದರಿಂದ ಗೋಡೆ, ಹಾಸಿಗೆ, ನನ್ನ ಪುಸ್ತಕ ಎಲ್ಲದಕ್ಕೂ ಅದೇ ವಾಸನೆ. ಕೆಲ ದಿನಗಳಲ್ಲಿ ಅದು ವಾಸನೆ ಎಂದು ಅನ್ನಿಸುವುದೂ ನಿಂತಿತ್ತು. ಸಂಜೆ ನಾನು ಎಂಟೂ ಬಾಟಲಿ ತುಂಬಿ, ಮುಚ್ಚಳದ ಮೇಲೆ ಅಂಕಿ ಬರೆದು, ಅಡುಗೆಮನೆಯ ಗೋಡೆಯೊಳಗಿನ ಗೂಡಿನಲ್ಲಿ, ಅಂದರೆ ಮಾಡಿನಲ್ಲಿ, ಸಾಲಾಗಿ ಇಟ್ಟೆ. "ಇವಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಸಾರಿದೆ. ಸಾರಿದರೆ ಸಾಕು ಎಂದುಕೊಂಡಿದ್ದೆ.

ಮರುದಿನದ ಪರೀಕ್ಷೆ ಒಂದು ಗಂಟೆಯಲ್ಲಿ ಮುಗಿಯಿತು. ಕಿಟಕಿ ತೆರೆದು ಫ್ಯಾನ್ ಹಾಕಿದ್ದೆ. ನಾನು ಸುರಿದೆ, ಬಫರ್ ಬೆರೆಸಿದೆ, ಎಲೆಕ್ಟ್ರೋಡ್ ಅದ್ದಿದೆ. ಮೂಗಿನ ಬಟ್ಟೆಯೊಳಗಿಂದ ಮೇಡಂ "ಐತಿ", "ಇಲ್ಲ" ಎನ್ನುತ್ತ ಬರೆದುಕೊಂಡರು. ಮೊದಲ ನಾಲ್ಕು ಮುಗಿದಾಗ ನನಗೆ ಅಳುಕಾಯಿತು, ಯಾಕೆಂದರೆ ನಾಲ್ಕೂ ಸರಿಯಾಗಿದ್ದವು. ಒಬ್ಬರು ಸಾಚಾ ಇರಬಹುದೆಂಬ ಭಯವೂ ಇರುತ್ತದೆ, ಅದನ್ನು ನಾನು ಅವತ್ತೇ ಅನುಭವಿಸಿದ್ದು.

ಐದನೆಯದಕ್ಕೆ ಅಂಕಿ ಇಳಿಯಿತು. ಒಂದೇಟಿಗೆ ಅಲ್ಲ, ಮೆತ್ತಗೆ, ಆದರೆ ಸ್ಪಷ್ಟವಾಗಿ.

"ಐತಿ" ಅಂದರು ಮೇಡಂ.

ನನ್ನ ಎದೆ ಹಗುರಾಯಿತು. ಐದು ಬರೀ ನೀರು. ಮುಖದಲ್ಲಿ ಏನೂ ತೋರಿಸದೆ ಉಳಿದ ಮೂರನ್ನೂ ಮುಗಿಸಿದೆ. ಅವೂ ಸರಿ. ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟೆ.

ಮೇಡಂ ಬೆರಳಿಟ್ಟು ಓದುತ್ತ ಬಂದು ಐದರ ಹತ್ತಿರ ನಿಂತರು. "ಇದು ಖಾಲಿ ನೀರನ? ಖರೇನ?"

"ಖರೇರಿ. ಪಟ್ಟಿ ನಿನ್ನಿ ಸಂಜಿನ ಬರದದ್ದು."

"ಬಾಟಲ್ಯಾಗ ಉಳದೈತಲ್ಲ, ಇನ್ನೊಮ್ಮೆ ಹಾಕು."

ಹಾಕಿದೆ. ಮತ್ತೆ ಇಳಿಯಿತು. ಅವರು ಎದ್ದು ಬಂದು, ಮೂಗಿನ ಬಟ್ಟೆಗೆ ಕೈ ಹಾಕಿ, "ಒಂದ ಸಲ ವಾಸನಿ ನೋಡತೇನಿ ತಡಿ" ಅಂದರು.

"ನಿಯಮ, ಮೇಡಂ" ಅಂದೆ.

ಅವರ ಕೈ ಅಲ್ಲೇ ನಿಂತಿತು. ಬಟ್ಟೆ ಬಿಚ್ಚಲಿಲ್ಲ. ನಾನು ಎಂಟೂ ಬಾಟಲಿಗಳಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದು, ನಲ್ಲಿ ಬಿಟ್ಟು, ನಿಯಮದ ಪ್ರಕಾರ ತೊಳೆದೂ ಹಾಕಿದೆ. ಅವರು ನೋಟ್‌ಬುಕ್ಕಿನಲ್ಲಿ ಐದರ ಮುಂದೆ 'ತಪ್ಪು' ಎಂದು ಬರೆದರು.

"ಎಂಟರಾಗ ಏಳು ಬಂದಾವಲ್ರಿ" ಎಂದೆ. ಗೆದ್ದವರಿಗೆ ಸಹಜವಾಗಿ ಬರುವ ಔದಾರ್ಯ ನನಗೂ ಬಂದಿತ್ತು.

"ಏನೂ ಇಲ್ಲದ ಕಡೆ ಐತಿ ಅಂದ್ರ, ಇದ್ದ ಕಡೆ ಐತಿ ಅಂದಿದ್ದಕ್ಕ ಏನ ಕಿಮ್ಮತ್ತು?" ಎಂದರು. "ಶನಿವಾರ ಗೈಡ್‌ಗೆ ಪತ್ರ ಹಾಕತೇನಿ. ನೀ ಮನಿಗೆ ಹೋಗು, ಗಾಡಿ ತಪ್ಪತೈತಿ."

ಗಾಡಿ ತಪ್ಪಲಿಲ್ಲ. ಕಿಟಕಿ ಬದಿ ಕುಳಿತು, ಮರುದಿನ ತರಗತಿಯಲ್ಲಿ ಈ ವಿಷಯ ಹೇಗೆ ಎತ್ತಬೇಕು ಎಂದು ವಾಕ್ಯ ಜೋಡಿಸುತ್ತ ಬಂದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿಗೆ ಆತು ನಿಂತು ಎಲ್ಲ ಹೇಳಿದೆ, ಐದನೆಯ ಬಾಟಲಿಯನ್ನಂತೂ ಎರಡು ಸಲ.

ಅವ್ವ ರೊಟ್ಟಿ ಹೊರಳಿಸಿ ಕೇಳಿದಳು, "ಸೋರಿತ್ತಲ್ಲ, ಅದೇನ?"

"ಯಾವುದು ಸೋರಿತ್ತು?"

"ಒಂದು ಬಾಟಲಿ. ಮುಂಜಾನಿ ನೋಡತೇನಿ, ಅಡ್ಡ ಬಿದ್ದು ಮಾಡಿನಾಗೆಲ್ಲ ನೀರು. ಅರ್ಧಕ್ಕ ಬಂದಿತ್ತು. ನೀ ಜಳಕಕ್ಕ ಹೋಗಿದ್ದಿ. ತುಂಬಿ ಇಟ್ಟೆ."

"ಏನ ತುಂಬಿದಿ?"

"ನೀರು. ಮತ್ತೇನ ತುಂಬ್ಲಿ, ಮಜ್ಜಿಗಿ?"

"ಅವ್ವಾ, ಯಾವ ನೀರು?"

"ನಳದ ನೀರು ಹಾಕಿದ್ರ ನೀ ಸುಮ್ನ ಬಿಡತಿದ್ದಿ? ಶುದ್ಧ ನೀರ ಬೇಕು ಅಂತ ಬಡಕೊಂಡಿದ್ದ್ಯಲ್ಲ. ಅಕ್ಕಗ ಕುಡ್ಯಾಕ ಮಾಡಿಟ್ಟ ಗಿಂಡ್ಯಾಗಿಂದು ಹಾಕಿದೆ. ಅಜವಾನ ಹಾಕಿ ಕುದಿಸಿ, ಆರಿಸಿ, ಸೋಸಿದ್ದು. ಅದಕ್ಕಿಂತಾ ಶುದ್ಧ ನೀರು ಈ ಮನ್ಯಾಗ ಯಾವುದೈತಿ?"

ನಾನು ಮೊದಲು ಮಾಡಿದ್ದು ಅವ್ವನನ್ನೇ ಅನುಮಾನಿಸಿದ್ದು. ಎಷ್ಟನೆಯ ಬಾಟಲಿ? ಅಂಕಿ ನೋಡಲಿಲ್ಲವಂತೆ. ಸಾಲಿನಲ್ಲಿ ಎಲ್ಲಿತ್ತು? ನಡುವೆ ಎಲ್ಲೋ. ಮುಚ್ಚಳ ಹೇಗಿತ್ತು? "ಸೀಳಿತ್ತು" ಅಂದಳು. ಚೀಲದಿಂದ ಎಂಟೂ ಮುಚ್ಚಳ ತೆಗೆದು ನೋಡಿದೆ. ಐದರ ಅಂಚಿನಲ್ಲಿ ಉಗುರುದ್ದದ ಸೀಳು. ಆರ್ಗ್ಯಾನಿಕ್ ಕೆಮಿಸ್ಟ್ರಿ ಪುಸ್ತಕ ತೆಗೆದೆ. ಅಜವಾನದ ಎಣ್ಣೆಯಲ್ಲಿರುವ ಮುಖ್ಯ ವಸ್ತು ಥೈಮಾಲ್. ಥೈಮಾಲ್ ಒಂದು ಫೀನಾಲ್. ನೀರಿಗಿಂತ ಎಣ್ಣೆಯನ್ನು ಹೆಚ್ಚು ಇಷ್ಟಪಡುವ, ಅಂದರೆ ಅಂಥ ಪೊರೆಯೊಳಗೆ ಓಡಿ ಹೋಗುವ ಫೀನಾಲ್. ಆ ಪುಟದ ಅಂಚಿನಲ್ಲಿ 'ಪರೀಕ್ಷೆಗೆ ಮುಖ್ಯ' ಎಂದು ನಾನೇ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೆ.

ಎಲೆಕ್ಟ್ರೋಡ್ ತಪ್ಪು ಹೇಳಿರಲಿಲ್ಲ. ತಪ್ಪು ಹೇಳಿದ್ದು ನನ್ನ ಪಟ್ಟಿ.

ಈ ಜಾಗದಲ್ಲಿ ನಾನು ಕೂಡಲೇ ಓಡಿಹೋಗಿ ಮೇಡಂಗೆ ಹೇಳಿದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಮರುದಿನ ಗಾಡಿಯಲ್ಲಿ ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೂ ನಾನು ವಿಷಯದ ಪರ, ವಿರೋಧ ಎರಡೂ ಮಾತಾಡಿಕೊಂಡೆ. ಹೇಳಬಾರದು ಎಂಬ ಪಕ್ಷಕ್ಕೆ ಒಳ್ಳೊಳ್ಳೆಯ ವಾದಗಳಿದ್ದವು. ಅವ್ವ ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ಗಿಂಡಿಯ ಅರ್ಧ ಬಾಟಲಿ ನೀರಿನಲ್ಲಿ ಥೈಮಾಲ್ ಎಷ್ಟಿತ್ತೋ ಯಾರಿಗೆ ಗೊತ್ತು? ಫಲಿತಾಂಶ ಬಂದ ಮೇಲೆ ನೆಪ ಹುಡುಕುವುದು ವಿಜ್ಞಾನ ಅಲ್ಲ. ಎಲ್ಲವೂ ಸರಿಯಾದ ವಾದಗಳೇ. ಅವು ಇಷ್ಟು ಸರಿಯಾಗಿ, ಇಷ್ಟು ಬೇಗ, ನನಗೇ ಅನುಕೂಲವಾಗಿ ಸಾಲುಗಟ್ಟಿ ಬಂದದ್ದು ನೋಡಿ ನನಗೆ ನನ್ನ ಮೇಲೇ ಸಂಶಯ ಬಂತು. ತೊಡೆಯ ಮೇಲೆ ಗಿಂಡಿಯ ನೀರು ತುಂಬಿದ ಥರ್ಮಾಸ್ ಇತ್ತು. ಅದನ್ನು ಯಾಕೆ ತಂದಿದ್ದೆ? ಹೇಳಬಾರದೆಂದಿದ್ದರೆ ತರುವ ಅಗತ್ಯವಿರಲಿಲ್ಲ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಖುಷಿಯಾಗುತ್ತಾರೆ ಎಂದುಕೊಂಡಿದ್ದೆ.

"ನಿನ್ನೆ ನೀ ನನ್ನ ಸುಳ್ಳಿ ಮಾಡಿದಿ. ಇವತ್ತ ನನ್ನ ಉಳಸಾಕ ಬಂದೀದಿ. ನಾ ಯಾವುದನ್ನ ನಂಬಲಿ?"

"ನಾ ಖರೇ ಹೇಳಾಕತ್ತೇನ್ರಿ."

"ನಿನ್ನೆನೂ ಖರೇ ಅಂತನ ಅಂದಿ. ನನ್ನ ಮಾರಿ ನೋಡಿ ಕನಿಕರ ಬಂದು ರಾತ್ರಿ ಕುಂತು ಕಟ್ಟಿದ ಕತಿ ಅಲ್ಲಂತ ಹೆಂಗ ತಿಳಕೊಳ್ಳಲಿ? ಪುಸ್ತಕದಾಗ ಥೈಮಾಲ್ ಓದಿದ ಮ್ಯಾಲೆ ಅಜವಾನ ನೆನಪಾತೋ, ಅಜವಾನ ಹಾಕಿದ್ದಕ್ಕ ಥೈಮಾಲ್ ಓದಿದ್ಯೋ?"

ಆ ಪ್ರಶ್ನೆ ನನ್ನ ಬಾಯಲ್ಲಿರಬೇಕಿತ್ತು. ನಾನು ಥರ್ಮಾಸನ್ನು ಮುಂದೆ ಸರಿಸಿದೆ. ಥರ್ಮಾಸನ್ನು ಅವರು ಮುಟ್ಟಲೂ ಇಲ್ಲ. ನಿಮ್ಮ ತಾಯಿಯನ್ನು ಕರೆದುಕೊಂಡು ಬಾ, ಅವರು ಕುದಿಸುವ ನೀರನ್ನೂ ಅಜವಾನದ ಡಬ್ಬಿಯನ್ನೂ ತರಲಿ, ನನ್ನ ಕಣ್ಣೆದುರು ಕುದಿಸಲಿ ಎಂದರು. ಆಗಿನ್ನೂ ಎಲ್ಲರ ಕೈಗೂ ಮೊಬೈಲ್ ಬಂದಿರಲಿಲ್ಲ. ಬಂದಿದ್ದರೂ ಫೋನಿನಲ್ಲಿ ಸಾಕ್ಷಿ ಕೇಳುವವರು ಅವರಾಗಿರಲಿಲ್ಲ.

ಶುಕ್ರವಾರ ಅವ್ವ ಬಂದಳು. ಪಕ್ಕದ ಮನೆಯವರಿಗೆ ಬಾಣಂತಿಯನ್ನು ಒಪ್ಪಿಸಿ, ಕೈಚೀಲದಲ್ಲಿ ನೀರಿನ ಕ್ಯಾನು, ಅಜವಾನದ ಡಬ್ಬಿ, ಜೊತೆಗೆ ಮೇಡಂಗೆಂದು ನಾಲ್ಕು ಅಂಟಿನ ಉಂಡೆ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಬೇಡವೆಂದರೂ ಕೇಳಲಿಲ್ಲ.

"ಬರ್ರಿ, ಕುಂದ್ರಿ" ಅಂದರು ಮೇಡಂ. "ನೀವು ಆ ಬಾಟಲಿ ಯಾಕ ತುಂಬಿದ್ರಿ?"

"ಅಕ್ಕೋರ, ಕಮ್ಮಿ ಇದ್ರ ನೀವು ನಮ್ಮ ಹುಡುಗಿಗೆ ಬೈತೀರಿ ಅಂತ ತುಂಬಿದೆ. ಕೆಟ್ಟ ನೀರಂತೂ ಹಾಕಿಲ್ರಿ."

"ಎಷ್ಟು ಹಾಕಿದ್ರಿ?"

"ತುಂಬೂತನಕ."

"ಅಜವಾನ ಎಷ್ಟು ಹಾಕತೀರಿ?"

"ಕೈಯಳತಿರಿ." ಮೂರು ಬೆರಳು ಕೂಡಿಸಿ ತೋರಿಸಿದಳು. "ಎಳೀ ಬಾಣಂತಿಗೆ ಒಂದೀಟು ಜಾಸ್ತಿ. ನಿಮಗೆಷ್ಟು ಮಕ್ಕಳ್ರಿ?"

"ಇನ್ನಾ ಮದಿವಿ ಆಗಿಲ್ರಿ."

"ಅಯ್ಯ, ಈ ಪೈಪಿನ ತುಂಡು ಹಿಡಕೊಂಡು ಎಷ್ಟ ದಿನ ಕುಂದರತೀರಿ?"

ನಾನು ನೆಲ ನೋಡಿದೆ. ಮೇಡಂ ನಕ್ಕುಬಿಟ್ಟರು. ಬಾಟಲಿಗಳ ಪರೀಕ್ಷೆಯ ನಂತರ ಆ ವಾರ ಅವರು ನಕ್ಕದ್ದು ಅದೊಂದೇ ಸಲ.

ಎರಡು ಬೀಕರುಗಳಲ್ಲಿ ನಮ್ಮ ಮನೆಯ ನೀರೇ ಕುದಿಯಿತು. ಒಂದಕ್ಕೆ ಅವ್ವನ ಮೂರು ಬೆರಳಿನ ಅಜವಾನ, ಇನ್ನೊಂದು ಬರಿದು. ಆರಿಸಿ, ಸೋಸಿ, ಅರ್ಧ ಬಾಟಲಿ ಬ್ಯಾಟರಿ ನೀರಿಗೆ ಅರ್ಧ ಇದನ್ನು ಬೆರೆಸಿ, ಬಫರ್ ಹಾಕಿದರು. ಬರಿದಾದ ನೀರಿಗೆ ಅಂಕಿ ತುಸು ಅಲುಗಿ ನಿಂತಿತು. ಅಜವಾನದ ನೀರಿಗೆ ಇಳಿಯತೊಡಗಿತು. ಐದನೆಯ ಬಾಟಲಿಗೆ ಇಳಿದ ಹಾಗೆಯೇ, ಮೆತ್ತಗೆ. ನಿಂತ ಅಂಕಿ ಹೆಚ್ಚು ಕಡಿಮೆ ಅವತ್ತಿನದೇ.

"ನೋಡ್ರಿ!" ಎಂದೆ. ಅಷ್ಟು ಜೋರಾಗಿ ನಾನು ಹಾವೇರಿಯ ವೇದಿಕೆಯ ಮೇಲೂ ಕೂಗಿರಲಿಲ್ಲ.

ಮೇಡಂ ಪೆನ್ನಿನ ಟೊಪ್ಪಿಗೆ ತೆಗೆದರು, ಬರೆಯಲಿಲ್ಲ. "ಇದರಿಂದ ಏನ ತಿಳೀತು, ಹೇಳು."

"ಐದನೇದರಾಗ ಅಜವಾನ ಇತ್ತು. ಎಲೆಕ್ಟ್ರೋಡ್ ಸರಿ ಐತಿ."

"ಅಲ್ಲ. ಅಜವಾನದ ನೀರಿಗೆ ಇದು ಇಳೀತೈತಿ ಅಂತ ತಿಳೀತು. ಅವತ್ತಿನ ಬಾಟಲ್ಯಾಗ ಅದ ಇತ್ತಂತ ಹೆಂಗ ತೋರಸತಿ? ಒಂದು ಹನಿ ಉಳದಿದ್ರ ನೋಡಬಹುದಿತ್ತು."

ನಾನು ಸಿಂಕಿನ ಕಡೆ ನೋಡಿದೆ. ಅವ್ವ ನಮ್ಮಿಬ್ಬರನ್ನೂ ನೋಡಿ, "ನಾ ಹೇಳಾಕತ್ತೇನಲ್ರಿ, ನಾನ ಹಾಕೇನಿ ಅಂತ. ನಾ ಯಾಕ ಸುಳ್ಳ ಹೇಳಲಿ?" ಅಂದಳು.

"ನೀವು ಸುಳ್ಳ ಹೇಳಂಗಿಲ್ರಿ ಅವ್ವಾರ" ಎಂದರು ಮೇಡಂ. "ಆದ್ರ ನೀವು ಇಕಿ ತಾಯಿ."

ನೋಟ್‌ಬುಕ್ಕಿನಲ್ಲಿ ಐದರ ಮುಂದಿದ್ದ 'ತಪ್ಪು' ಎಂಬುದನ್ನು ಅವರು ಹೊಡೆದುಹಾಕಲಿಲ್ಲ. ಕೆಳಗೆ ನಾವು ಹೇಳಿದ್ದನ್ನೂ ಅವತ್ತಿನ ಎರಡು ಬೀಕರಿನ ಅಂಕಿಗಳನ್ನೂ ಬರೆದು, "ಈ ವಿವರಣೆ ಸಾಧ್ಯ; ಸಾಬೀತಾಗಿಲ್ಲ" ಎಂದು ಒಂದು ಸಾಲು ಸೇರಿಸಿದರು. ಮಾದರಿ ತಯಾರಿಸಿದವಳೆಂದು ನನ್ನ ಸಹಿ ಕೇಳಿದರು. 'ಸಾಬೀತಾಗಿಲ್ಲ' ಎಂಬ ಪದದ ವಿರುದ್ಧ ಹತ್ತು ನಿಮಿಷ ವಾದಿಸಿದೆ. ನಾನು ಎಷ್ಟು ಚೆನ್ನಾಗಿ ವಾದಿಸಿದೆನೋ ಅಷ್ಟೂ ಅದು ವಾದ ಮಾತ್ರ ಎನ್ನಿಸುತ್ತ ಹೋಯಿತು. ಸಹಿ ಹಾಕಿದೆ.

ಪತ್ರ ಶನಿವಾರವೇ ಹೋಯಿತು, ಎಲ್ಲವನ್ನೂ ಹೊತ್ತುಕೊಂಡು. ಗೈಡ್ ಉತ್ತರ ಎರಡು ಸಾಲಿನದು. ಅಜವಾನದ ಸಂಗತಿ ಸ್ವಾರಸ್ಯವಾಗಿದೆ, ಮತ್ತೊಬ್ಬರ ಕೈಯಿಂದ ಎಂಟೂ ಬಾಟಲಿ ಹೊಸದಾಗಿ ಮಾಡಿಸಿ. ಉತ್ತರ ಬರುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಹಳೆಯ ಪೊರೆ ಅಷ್ಟು ಹೊತ್ತಿಗೆ ಸೋತಿತ್ತು, ಹೊಸದನ್ನು ಸುರಿದು, ಆರಿಸಿ, ಹದಕ್ಕೆ ತರಲು ಇನ್ನಷ್ಟು ದಿನ. ಹಾವೇರಿಯ ಸಂದರ್ಶನಕ್ಕೆ ಮೇಡಂ ಪ್ರಬಂಧ ಸಲ್ಲಿಸಿದ ಪತ್ರವಿಲ್ಲದೆ ಹೋದರು. ಕೆಲಸ ಬೇರೊಬ್ಬರಿಗೆ ಆಯಿತು. ಇದನ್ನು ಅವರು ನನಗೆ ಹೇಳಲಿಲ್ಲ. ಕುಪ್ಪೇಲೂರಿನ ಗೆಳತಿ ಹೇಳಿದಳು, ಹೇಳಿ, "ಈಗ ಸಮಾಧಾನ ಆತೇನು?" ಎಂದು ಕೇಳಿದಳು. ನನ್ನನ್ನು ವಕೀಲವ್ವ ಎಂದು ಕರೆಯುವುದನ್ನು ಅವಳು ಅವತ್ತಿನಿಂದ ಬಿಟ್ಟಳು.

ಎರಡನೆಯ ಪರೀಕ್ಷೆಗೆ ಬಾಟಲಿ ತುಂಬಿದವರು ಬಾಟನಿ ವಿಭಾಗದ ಒಬ್ಬ ಸರ್. ನಿಯಮಗಳು ನಾನು ಬರೆದವೇ, ಎರಡು ತಿದ್ದುಪಡಿಗಳೊಂದಿಗೆ. ಪ್ರತಿ ಬಾಟಲಿಯಿಂದ ಒಂದು ಪಾಲು ಬೇರೆ ತೆಗೆದು ಕಪಾಟಿನಲ್ಲಿ ಬೀಗ ಹಾಕಿಡಬೇಕು. ಓದಿ ಮುಗಿದ ಮೇಲೆ ಮೂಸಬಹುದು. ನನಗೆ ಲ್ಯಾಬಿನೊಳಗೆ ಪ್ರವೇಶವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತು ಮುಚ್ಚಿದ ಬಾಗಿಲನ್ನು ನೋಡುತ್ತಿದ್ದೆ. ಒಳಗೆ ಯಾರೋ ಕೆಮ್ಮಿದರೂ ಅದು ಸನ್ನೆ ಇರಬಹುದೇ ಎಂದು ಮನಸ್ಸು ತಡಕಾಡುತ್ತಿತ್ತು. ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು.

ಬಾಗಿಲು ತೆರೆದು ಮೇಡಂ ಹೊರಬಂದರು. ಮೂಗಿನ ಬಟ್ಟೆ ಕೊರಳಿಗೆ ಜಾರಿತ್ತು.

"ಎಂಟಕ್ಕ ಎಂಟು" ಅಂದರು.

ಅಭಿನಂದನೆ ಹೇಳಬೇಕು ಎಂದುಕೊಂಡೆ. ಬಾಯಿಂದ ಬಂದದ್ದು, "ಬಾಟಲಿ ಯಾರು ತೊಳದಿದ್ರು?"

ಅವರು ಬೈಯಲಿಲ್ಲ, ನಗಲೂ ಇಲ್ಲ. ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು. "ಒಳಗ ಪಟ್ಟಿ ಐತಿ, ನೋಟ್‌ಬುಕ್ ಐತಿ. ನಾ ಹೇಳಿದ್ದನ್ನ ನಂಬಬ್ಯಾಡ. ಹೋಗಿ ನೋಡು."

ಒಳಗೆ ಹೋದೆ. ಬಾಟನಿ ಸರ್ ಅವರ ಪಟ್ಟಿಯನ್ನು ಎಡಗೈ ಬೆರಳಿನಡಿ, ಮೇಡಂ ನೋಟ್‌ಬುಕ್ಕನ್ನು ಬಲಗೈ ಬೆರಳಿನಡಿ ಇಟ್ಟುಕೊಂಡು, ಒಂದರಿಂದ ಎಂಟರವರೆಗೆ ಒಂದೊಂದೇ ಸಾಲು ಇಳಿದೆ. ಮುಗಿದ ಮೇಲೆ ಎಂಟರಿಂದ ಒಂದಕ್ಕೆ ಇನ್ನೊಮ್ಮೆ ಹತ್ತಿದೆ. ಮೇಡಂ ಬಾಗಿಲಲ್ಲಿ ನಿಂತು, ನಾನು ಮುಗಿಸುವವರೆಗೂ ಕಾದರು.